ಸಾಹೇಬರು ಬಂದಾಗ ಮಷಿನ್ ನಿಲ್ಲಿಸಬಾರದು

ಬ್ಯಾಡಗಿಯ ಒಂದು ಖಾರದಪುಡಿ ಗಿರಣಿಯಲ್ಲಿ ಅವ್ವ ಮತ್ತು ನಾನು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತೇವೆ. ಪುಡಿ ಮಾಡುವ ಮಷಿನ್‌ಗೂ ನಮಗೂ ನಡುವೆ ಗೋಡೆಯಿಲ್ಲ. ಕೆಮ್ಮಿನಿಂದ ಅವ್ವ ಕೆಲಸ ತಪ್ಪಿಸಿದ ದಿನಗಳಿಗೆ ಡೈರಿಯಲ್ಲಿ ಗೀಟು ಹಾಕುತ್ತೇನೆ. ಜನವರಿಯಲ್ಲಿ ನಾಲ್ಕು, ಫೆಬ್ರವರಿಯಲ್ಲಿ ಒಂಬತ್ತು. "ಇದ ಧೂಳಿನ್ಯಾಗ ಕುಂತ್ರ ನಿಮ್ಮವ್ವಗ ಉಸಿರು ತಗೊಳ್ಳಾಕ ಆಗಂಗಿಲ್ಲ" ಎಂದರು ಡಾಕ್ಟರು. ನಾನು ಹಾವೇರಿಯ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ: ನಡುವೆ ಗೋಡೆ ಕಟ್ಟಿಸಿ, ಧೂಳೆಳೆಯುವ ಫ್ಯಾನ್ ಹಾಕಿಸಿ.

ಮಾರ್ಚ್‌ನಲ್ಲಿ ತಪಾಸಣೆಗೆ ಅಧಿಕಾರಿ ಬರುತ್ತಾರೆಂದು ಗೊತ್ತಾಯಿತು. ದೊಡ್ಡವರು ಬಂದರೆ ಘಾಟು ತಾಗದಿರಲೆಂದು ಮಷಿನ್ ನಿಲ್ಲಿಸಿ, ನೆಲ ಗುಡಿಸಿ, ನೀರು ಚಿಮುಕಿಸುವುದು ನಮ್ಮ ಗಿರಣಿಯ ರೂಢಿ. ಯಾರೂ ಹೇಳುವ ಮೊದಲೇ ಅವ್ವ ಕಸಬರಿಗೆ ಹಿಡಿದಳು. ಅಧಿಕಾರಿ ಚಹಾ ಕುಡಿದರು. ಒಮ್ಮೆಯೂ ಸೀನಲಿಲ್ಲ. "ಧೂಳು ಎಲ್ಲೈತಿ?" ಎಂದು ಕೇಳಿ ಹೊರಟುಹೋದರು. ಧೂಳನ್ನು ನಾವೇ ಗುಡಿಸಿ ಹೊರಗೆ ಚೆಲ್ಲಿದ್ದೆವು!

ಮತ್ತೆ ಅರ್ಜಿ ಕೊಟ್ಟೆ. "ಪಾಪ, ಅವರಿಗೆ ಎಷ್ಟು ಸಲ ತ್ರಾಸ ಕೊಡ್ತೀ?" ಎಂದಳು ಅವ್ವ.

"ಅವರೇನು ಉಪಕಾರ ಮಾಡಾಕ ಬರ್ತಾರೇನು ಯವ್ವಾ? ನಿನ್ನ ಉಸಿರು ಕಾಯೋದು ಸರಕಾರದ ಕೆಲಸ. ಅದು ನಿನ್ನ ಹಕ್ಕು."

ಎರಡನೇ ಸಲ ಜೀಪು ಬಂದಾಗ ಮಷಿನ್ ನಿಲ್ಲಿಸಲು ಮಾಲೀಕರು ಕೈಸನ್ನೆ ಮಾಡಿದರು. ನಾನು ಹೋಗಿ ಸ್ವಿಚ್ಚಿಗೆ ಅಡ್ಡ ನಿಂತೆ.

"ಏ ಹುಡುಗಿ, ಸರಿ ಆಕಡೆ. ಸಾಹೇಬ್ರಿಗೆ ಘಾಟು ಹತ್ತತೈತಿ."

"ಹತ್ತಲಿ ಬಿಡ್ರಿ ಸಾವ್ಕಾರ್ರ. ನಮಗ ದಿನಾ ಹತ್ತಂಗಿಲ್ಲೇನು?"

"ನಾಳಿಂದ ಕೆಲಸಕ್ಕ ಬರಬ್ಯಾಡ ನೀ."

"ನಾಳಿ ಮಾತು ನಾಳಿಗೆ. ಇವತ್ತು ಮಷಿನ್ ನಡೀಲಿ."

ರಾಣೆಬೆನ್ನೂರಿನಿಂದ ಬರುವ ಹಿರಿಯ ಹೆಂಗಸೊಬ್ಬಳು ಕುಳಿತಲ್ಲಿಂದಲೇ, "ಸಾಹೇಬ್ರ ಮೂಗಿಗೇನು ಬಂಗಾರ ಬಡದೈತೇನ್ರಿ?" ಎಂದಳು. ಹೆಂಗಸರೆಲ್ಲ ಕೆಮ್ಮುತ್ತಲೇ ನಕ್ಕರು.

ಅಧಿಕಾರಿ ಒಳಗೆ ಬಂದವರೇ ಸೀನಿದರು. ಮತ್ತೆ ಸೀನಿದರು. ಕರವಸ್ತ್ರ ಹಿಡಿದು ಬಾಗಿಲ ಕಡೆ ತಿರುಗಿದಾಗ ಅವ್ವ ತನ್ನ ಪಕ್ಕದ ಗೋಣಿಚೀಲ ಕೊಡವಿ ಹಾಸಿದಳು. "ಕುಂದ್ರಿ ಸಾಹೇಬ್ರ. ಈ ಒಂದು ಚೀಲ ಮೆಣಸಿನಕಾಯಿ ಮುಗಿಯೂತನಕ ಕುಂದ್ರಿ."

ಅವರು ಕೂರಲಿಲ್ಲ. ಹೊರಗೆ ನಿಂತು, ಕಣ್ಣೊರೆಸಿಕೊಳ್ಳುತ್ತ ಆದೇಶ ಬರೆದರು: ಒಂದು ತಿಂಗಳೊಳಗೆ ಗೋಡೆ, ಫ್ಯಾನ್.

ಮರುದಿನ ನಾನು ಕೆಲಸಕ್ಕೆ ಹೋದೆ. ಹೆಂಗಸರೆಲ್ಲ ಒಟ್ಟಿಗೆ ಒಳಗೆ ನಡೆದದ್ದರಿಂದ ಯಾರೂ ತಡೆಯಲಿಲ್ಲ. ಗೋಡೆ ಎದೆಮಟ್ಟಕ್ಕೆ ಬಂದಿದೆ. ಫ್ಯಾನ್ ಬಂದಿಲ್ಲ. ತಿಂಗಳು ನಿನ್ನೆ ಮುಗಿಯಿತು. ಸೋಮವಾರ ಹಾವೇರಿಗೆ ಹೋಗುತ್ತೇನೆಂದಾಗ ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ನಾನೂ ಬರ್ತೇನಿ. ಕೆಮ್ಮು ಬಂದ್ರ ಅವರ ಆಫೀಸಿನ್ಯಾಗ ಕುಂತು ಕೆಮ್ಮತೇನಿ."