ಅಂಗಳದ ಹಗೇವು, ಸಮುದ್ರದ ತಳ

ನಾರ್ವೆಯ ಬರ್ಗನ್ ಊರಿನ ಬಾಡಿಗೆ ಮನೆಯೊಳಗೆ ಮೊದಲ ಹೆಜ್ಜೆ ಇಟ್ಟಾಗ ನೆಲ ಢಬ್ ಎಂದಿತು. ತಟ್ಟನೆ ಗೋಡೆಗೆ ಸರಿದು ನಿಂತೆ. ಮದ್ದೂರಿನ ಹತ್ತಿರದ ಆತಗೂರಿನ ಕಡೆ ಹುಟ್ಟಿದವರಿಗೆ ಆ ಸದ್ದಿನ ಅರ್ಥ ಒಂದೇ: ಕಾಲ ಕೆಳಗೆ ಹಗೇವು ಇದೆ. ರಾಗಿ ತುಂಬಿಡಲು ಹಿಂದಿನವರು ಅಂಗಳದಲ್ಲಿ ತೋಡುತ್ತಿದ್ದ ಆಳದ ಗುಂಡಿ ಅದು. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣೆಳೆದರೆ ಮೇಲೆ ಗುರುತೇ ಇರದು, ಚಪ್ಪಡಿ ಕುಸಿದರೆ ನಿಂತವರು ಒಳಗೆ. ನಾರ್ವೆಯಲ್ಲಿ ಮನೆಗಳ ನೆಲ ಹಲಗೆಯದು ಎಂದು ತಿಳಿದ ಮೇಲೂ ಒಂದು ವಾರ ಗೋಡೆಯ ಅಂಚು ಹಿಡಿದೇ ಓಡಾಡಿದೆ. ಕೆಳಗಿನ ಮನೆಯ ಇಂಗ್ರಿಡ್ ಎಂಬ ಅಜ್ಜಿ, ನನ್ನ ಹೆಜ್ಜೆ ಬರೀ ಗೋಡೆ ಸುತ್ತುವುದೇಕೆ ಎಂದು ಕೇಳಲು ಮೆಟ್ಟಿಲು ಹತ್ತಿ ಬಂದಳು. ಈ ಊರಲ್ಲಿ ನನ್ನನ್ನು ತಾನಾಗಿ ಮಾತಾಡಿಸಿದ ಮೊದಲಿಗಳು ಅವಳೇ.

ಇಲ್ಲಿನವರು ಒಳ್ಳೆಯವರು, ಮಾತು ಕಡಿಮೆ. ಮದ್ದೂರಿನ ಬಸ್ಸಿನಲ್ಲಾದರೆ ಶಿಂಷಾ ಸೇತುವೆ ದಾಟುವುದರೊಳಗೆ ನಾನು ಯಾರ ಮಗಳು, ಇನ್ನೂ ಮದುವೆ ಯಾಕಾಗಿಲ್ಲ ಎಲ್ಲ ವಿಚಾರಣೆ ಮುಗಿದಿರುತ್ತಿತ್ತು. ಆಗ ಸಿಡುಕುತ್ತಿದ್ದವಳಿಗೆ ಈಗ ಯಾರಾದರೂ ಕೇಳಬಾರದೇ ಎನಿಸುತ್ತದೆ. ಮಧ್ಯಾಹ್ನಕ್ಕೆ ಎಲ್ಲರದೂ ಮಾತ್‌ಪಾಕೆ, ಎಂದರೆ ಕಾಗದದಲ್ಲಿ ಸುತ್ತಿದ ತಣ್ಣನೆಯ ಬ್ರೆಡ್ಡು. ಮುದ್ದೆ ಉಂಡು ಬೆಳೆದ ನನಗೆ ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ನನ್ನ ಕೆಲಸ ಸಮುದ್ರದ ತಳಕ್ಕೆ ಕಿವಿಗೊಡುವುದು. ಹಡಗಿನಿಂದ ನೀರಿಗೆ ಸದ್ದು ಬಿಟ್ಟು, ತಳಕ್ಕೆ ಬಡಿದು ಮರಳಿದ್ದನ್ನು ಹಿಡಿದಿಡುತ್ತೇವೆ. ಅಲ್ಲಿರುವುದು ಕೆಸರೋ, ಮರಳೋ, ಬಂಡೆಯೋ, ಎಷ್ಟು ದಪ್ಪವೋ, ಊಹಿಸಬೇಕು. ಒಂದೊಂದು ಊಹೆಗೂ ಸದ್ದು ಹೇಗೆ ಮರಳುತ್ತಿತ್ತು ಎಂದು ಲೆಕ್ಕ ಹಾಕಿ, ಹಿಡಿದ ಸದ್ದಿಗೆ ಹೋಲಿಸಬೇಕು. ಊಹೆಗಳು ಲಕ್ಷಗಟ್ಟಲೆ, ಒಂದೇ ಕಂಪ್ಯೂಟರಾದರೆ ತಿಂಗಳುಗಳೇ ಬೇಕು. ಅದಕ್ಕೇ ನೂರಾರು ಪ್ರೊಸೆಸರುಗಳಿಗೆ ಪಾಲು ಹಂಚಿ ಎಲ್ಲವನ್ನೂ ಒಟ್ಟಿಗೆ ದುಡಿಸುತ್ತೇವೆ. ಅವ್ವನಿಗೆ ಇದನ್ನು ವಿವರಿಸಿದಾಗ ಅವಳಿಗೆ ನಾಟಿಗೆ ಒಬ್ಬರ ಗದ್ದೆಗೆ ಒಬ್ಬರು ಹೋಗುವ ಮುಯ್ಯಾಳು ನೆನಪಾಯಿತು. ಅಷ್ಟು ಸರಿಯಾಗಿ ನನ್ನ ಕೆಲಸವನ್ನು ಯಾರೂ ಹೇಳಿಲ್ಲ.

ಕಳೆದ ತಿಂಗಳು ನಮ್ಮ ಮನೆಗೇ ಹಗೇವಿನ ಕಷ್ಟ ಬಂತು. ಅಕ್ಕ ಸಾವಿತ್ರಿ ಮತ್ತು ಗೆಜ್ಜಲಗೆರೆಯ ಕಾರ್ಖಾನೆಗೆ ಹೋಗುವ ಭಾವ, ಅಂಗಳದಲ್ಲಿ ಹೊಸ ಮನೆಗೆ ಪಿಲ್ಲರ್ ಎಬ್ಬಿಸಬೇಕಿತ್ತು. ತಾತನ ಕಾಲದ ಹಗೇವು ಅಲ್ಲೆಲ್ಲೋ ಇದೆ, ಜಾಗ ಯಾರಿಗೂ ನೆನಪಿಲ್ಲ. ಮೂರೇ ದಿನಕ್ಕೆ ಜೆಸಿಬಿ ಬರುವುದಿತ್ತು. ಅದು ಹಗೇವಿನ ಮೇಲೆ ಹತ್ತಿದರೆ ಡ್ರೈವರ್ ಸಮೇತ ಒಳಗೆ. ನಾನು ಹುಡುಕಿಕೊಡುತ್ತೇನೆ ಎಂದು ಮುಂದೆ ಬಿದ್ದೆ. ದೂರವಿದ್ದರೂ ಮನೆಯ ಕಷ್ಟಕ್ಕೆ ಆಗುತ್ತೇನೆ ಎಂದು ತೋರಿಸುವ ಆಸೆ. ಭಾವ ಅಂಗಳದಲ್ಲಿ ಚೌಕಗಳನ್ನು ಬರೆದು, ಒಂದೊಂದರಲ್ಲೂ ಒನಕೆಯಿಂದ ಕುಟ್ಟಿ, ಫೋನಿನಲ್ಲಿ ಸದ್ದು ಹಿಡಿದು ಕಳಿಸಿದರು. ಲೆಕ್ಕ ಹಾಕಿ, ನಲ್ಲಿಯ ಪಕ್ಕ ಎಂದೆ. ಎದೆಮಟ್ಟ ಅಗೆದರು. ಬರೀ ಗಟ್ಟಿಮಣ್ಣು.

ತಪ್ಪು ಆಮೇಲೆ ಹೊಳೆಯಿತು. ಫೋನು ಮನುಷ್ಯರ ಮಾತನ್ನು ಉಳಿಸಿಕೊಂಡು, ನೆಲದ ತಗ್ಗುದನಿಯನ್ನು ಸೋಸಿ ಚೆಲ್ಲುತ್ತದೆ. ಹಡಗಿನಲ್ಲಾದರೆ ಯಂತ್ರಕ್ಕೆ ಏನು ಕೇಳುತ್ತದೆ, ಏನು ಕೇಳದು ಎಂದು ಮೊದಲು ಪರೀಕ್ಷಿಸುವವಳು ನಾನೇ. ನಾಚಿಕೆಯಿಂದ ಕುಗ್ಗಿಹೋದೆ. ಅವ್ವ ಬೈಯಲಿಲ್ಲ. "ಓಗ್ಲಿ ಬುಡು" ಎಂದವಳೇ ಬೀದಿಯ ಆರು ಹೆಂಗಸರನ್ನು ಕರೆದಳು. ಒಬ್ಬೊಬ್ಬರಿಗೂ ಒಂದು ಒನಕೆ, ಅಂಗಳದ ಒಂದು ಪಾಲು. ಭತ್ತ ಕುಟ್ಟುವ ಹಾಗೆ ಒಬ್ಬರ ಏಟಿನ ಹಿಂದೆ ಇನ್ನೊಬ್ಬರ ಏಟು. ನಡುವೆ ಅವ್ವ ಬರಿಗಾಲಲ್ಲಿ, ಕಣ್ಣು ಮುಚ್ಚಿ ನಿಂತಳು. ಅಕ್ಕ ಹಿಡಿದ ವಿಡಿಯೋ ಕರೆಯಲ್ಲಿ ಒನಕೆಗಳು ಏಳುವುದೂ ಬೀಳುವುದೂ ನನಗೆ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವ್ವನ ಕೈ ಮೇಲೆದ್ದಿತು. ಕರಿಬೇವಿನ ಗಿಡದ ಪಕ್ಕ ಮಣ್ಣು ಸರಿಸಿದರೆ ಚಪ್ಪಡಿ ಸಿಕ್ಕಿತು.

ವಿಷಗಾಳಿ ಹೋಗಲೆಂದು ಒಂದು ದಿನ ಬಾಯಿ ತೆರೆದಿಟ್ಟರು. ಮರುದಿನ ಹಗ್ಗ ಕಟ್ಟಿ ಇಳಿಸಿದ ದೀಪ ಆರಲಿಲ್ಲ. ಒಳಗೆ ಒಂದಿಷ್ಟು ಕಪ್ಪಾದ ಹೊಟ್ಟು ಮಾತ್ರ ಇತ್ತು. ಸದ್ದು ಹೇಗಿತ್ತು ಎಂದು ಅವ್ವನನ್ನು ಕೇಳಿದೆ.

"ಅದು ಪೋನಲ್ಲಿ ಬರಕಿಲ್ಲ ಕಣವ್ವ. ಬಂದು ನಿಂತ್ಕೊ, ಕಾಲಿಗೇ ಗೊತ್ತಾಯ್ತದೆ."

ಫೋನಿಟ್ಟು ಅತ್ತುಬಿಟ್ಟೆ. ಪರರ ಸಮುದ್ರದ ತಳ ನನಗೆ ಕೇಳುತ್ತದೆ, ನನ್ನ ಅಂಗಳ ಕೇಳಲಿಲ್ಲ. ಇಲ್ಲಿಯ ಹಲಗೆಯ ನೆಲದ ನಡುವೆ ಈಗ ಧೈರ್ಯವಾಗಿ ನಡೆಯುತ್ತೇನೆ. ನಾಲ್ಕು ದಿನ ಹೆಜ್ಜೆ ಕೇಳಿಸದಿದ್ದರೆ ಇಂಗ್ರಿಡ್ ಬಂದು ಬಾಗಿಲು ತಟ್ಟುತ್ತಾಳೆ. ಇದೂ ಮನೆಯೇ ಆಗುತ್ತಿದೆ, ಸುಳ್ಳೇಕೆ ಹೇಳಲಿ. ಊರಲ್ಲಿ ಪಿಲ್ಲರುಗಳ ಜಾಗವನ್ನು ಹಗೇವಿನಿಂದ ಆಚೆಗೆ ಸರಿಸಿದ್ದಾರೆ. ಹಗೇವಿಗೆ ಮಣ್ಣು ತುಂಬಿಸಲು ಭಾವ ಅವಸರ ಮಾಡುತ್ತಿದ್ದಾರೆ. ಅವ್ವ ಚಪ್ಪಡಿ ಮುಚ್ಚಿ, ಸುತ್ತ ಬೇಲಿ ಕಟ್ಟಿಸಿ, ಸಂಕ್ರಾಂತಿಗೆ ನಾನು ಬಂದು ಒಂದು ಸಲ ಕುಟ್ಟುವವರೆಗೆ ತುಂಬಕೂಡದು ಎಂದಿದ್ದಾಳಂತೆ.