ಕುರಿ ಈಯುವುದಕ್ಕೊಂದು ಹಳೆಯ ಪದ

ನಮ್ಮ ಮನೆಯ ಊಟದ ಮೇಜಿಗೆ ಒಂದು ಕಾಲು ಗಿಡ್ಡ. ಅದರ ಕೆಳಗೆ ಒತ್ತು ಕೊಟ್ಟಿದ್ದ ಹಳೆಯ ಇಂಗ್ಲಿಷ್ ನಿಘಂಟನ್ನು ಮೊನ್ನೆ ಗುಡಿಸುವಾಗ ಎಳೆದು, ಧೂಳು ಕೊಡವಿ, ಸುಮ್ಮನೆ ಕೊನೆಯ ಪುಟಗಳನ್ನು ತಿರುವಿದೆ, ಗೆಳೆಯರೇ. ಅಲ್ಲಿ ‘ಯೀನ್’ ಎಂಬ ಪದ ಸಿಕ್ಕಿತು. ಕುರಿ ಮರಿ ಹಾಕುವುದು ಎಂದು ಅರ್ಥ; ಈಗ ಬಳಕೆಯಲ್ಲಿಲ್ಲ ಎಂದು ಟಿಪ್ಪಣಿ. ಹುಟ್ಟು ಹಳೆಯ ಇಂಗ್ಲಿಷಿನಲ್ಲಿ. ಲ್ಯಾಟಿನ್ನಿನಲ್ಲಿ ಕುರಿಮರಿಗಿರುವ ಹೆಸರಿಗೂ ಅದಕ್ಕೂ ದೂರದ ನಂಟಿರಬಹುದಂತೆ. ನಮ್ಮ ‘ಈಯು’ ಕೂಡ ಆ ಮನೆಯದೇ ಇರಲೆಂದು ನನ್ನ ಕಿವಿ ಆಸೆಪಟ್ಟಿತು. ಓದಿದ ಬುದ್ಧಿ ಒಪ್ಪಲಿಲ್ಲ: ಬರೀ ಕಾಕತಾಳೀಯ.

ಆದರೂ ಆ ಪದ ನನ್ನನ್ನು ಹಿಂದೊಮ್ಮೆ ನಾನಿದ್ದ ತುರುವನೂರೆಂಬ ಹಳ್ಳಿಗೆ ಎಳೆದೊಯ್ದಿತು. ಅಲ್ಲಿ ನಾನು ಬಾಡಿಗೆಗಿದ್ದ ಮನೆಯ ಪಕ್ಕದಲ್ಲೇ ಕರಿಯಮ್ಮನವರು ಕುರಿ ಕೂಡುವ ರೊಪ್ಪ. ಒಂದು ಮಧ್ಯಾಹ್ನ ಅವರು ನೀರಿಗೆ ಹೋಗಿದ್ದಾಗ ಚೊಚ್ಚಲು ಕುರಿಯೊಂದು ಈಯಿತು. ಲೋಳೆಯಲ್ಲಿ ನಡುಗುತ್ತ ಬಿದ್ದಿದ್ದ ಮರಿಯನ್ನು ಕಂಡು, ಉಪಕಾರದ ಹುಮ್ಮಸ್ಸಿನಲ್ಲಿ, ಒಗೆದ ಟವೆಲ್ ತಂದು ಮೂತಿಯಿಂದ ಬಾಲದವರೆಗೆ ಒರೆಸಿದೆ. ಒರೆಸಿದವಳು ನಾನೇ, ಅಂದಿನ ನನ್ನ ದಿನಚರಿಯಲ್ಲಿ ಮಾತ್ರ ‘ಒರೆಸಲಾಯಿತು’ ಎಂದಿದೆ. ನನ್ನ ದಿನಚರಿಯನ್ನು ನಾನೇ ನಂಬದಿರುವುದು ಇದಕ್ಕೇ.

ಕುರಿ ಬಂದು ಮೂಸಿತು. ಮರಿಯನ್ನು ಗುಮ್ಮಿ ದೂರ ತಳ್ಳಿತು.

“ಅಯ್ಯೋ ಮೇಡಮ್ಮೋರೆ, ತಾಯಿ ನೆಕ್ಕೋಕೆ ಮುಂಚೇನೇ ಒರೆಸಿಬಿಟ್ರಾ?” ಎಂದರು ಕರಿಯಮ್ಮ, ಕೊಡ ಇಳಿಸುತ್ತ. “ನೆಕ್ಕಿದ್ರೇ ಅದಕ್ಕೆ ತನ್ ಮರಿ ಅಂತ ಗೊತ್ತಾಗಾದು. ಹಾಲು ಬಿಡ್ಲಿಲ್ಲ ಅಂದ್ರೆ ನಾಳೆಗೆ ಇದು ಉಳಿಯಲ್ಲ.”

ಅವರ ಹಿಂದೆಯೇ ಬಂದ ಗಂಡ ಮರಿಯನ್ನು ಮೂಸಿ ನಕ್ಕರು. “ಸೋಪಿನ ವಾಸ್ನೆ ಹೊಡೀತೈತೆ. ಪ್ಯಾಟೆ ನೆಂಟ್ರು ಬಂದವ್ರೆ ಅನ್ಕಂಡೈತೆ ಕುರಿ!”

“ನಗಾದ್ ಬಿಟ್ಟು ಕುರಿ ಹಿಡ್ಕಳ್ರಿ.”

ಕರಿಯಮ್ಮ ತಾಯಿಯ ಹಿಂಭಾಗಕ್ಕೆ ಇನ್ನೂ ಅಂಟಿದ್ದ ಲೋಳೆಯನ್ನು ಬರಿಗೈಯಲ್ಲಿ ಬಾಚಿ ಮರಿಯ ಮೈಗೆಲ್ಲ ಸವರಿದರು, ಬೆನ್ನ ಮೇಲೆ ಉಪ್ಪು ಉದುರಿಸಿದರು. ಯಾವುದನ್ನು ನಾನು ಕೊಳೆಯೆಂದು ತೆಗೆದಿದ್ದೆನೋ ಅದನ್ನೇ ಅವರು ಅಷ್ಟು ಜತನದಿಂದ ಮತ್ತೆ ಹಚ್ಚುತ್ತಿದ್ದರು. ನಿಘಂಟಿನಲ್ಲಿ ಮರಿ ಹೊರಬಿದ್ದಲ್ಲಿಗೆ ಕ್ರಿಯಾಪದ ಮುಗಿಯುತ್ತದೆ. ರೊಪ್ಪದಲ್ಲಿ ಅದು ಇನ್ನೂ ನಡೆಯುತ್ತಲೇ ಇತ್ತು.

ಎರಡು ಸಲ ಕುರಿ ಮುಖ ತಿರುಗಿಸಿತು. ಮೂರನೆಯ ಸಲ ಉಪ್ಪಿಗೆ ನಾಲಿಗೆ ಚಾಚಿತು. ಉಪ್ಪು ಮುಗಿದ ಮೇಲೂ ನೆಕ್ಕುತ್ತ ನಿಂತಿತು. ಮರಿ ಎಡವುತ್ತ ಎದ್ದು ಕೆಚ್ಚಲು ಹುಡುಕತೊಡಗಿತು, ಸಿಗದೆ ಮುಂಗಾಲಿನ ಸಂದಿಯಲ್ಲೆಲ್ಲ ತಡಕಾಡಿತು. ದಾರಿ ತೋರಿಸಲು ಮುಂದಾದ ನನ್ನ ಕೈಗಳನ್ನು ಹಿಂದಕ್ಕೆಳೆದು ಬೆನ್ನ ಹಿಂದೆ ಕಟ್ಟಿಕೊಂಡೆ.

“ಹಂಗೇ ನಿಂತ್ಕಳ್ರಿ,” ಎಂದರು ಕರಿಯಮ್ಮ, ಕಟ್ಟಿದ ನನ್ನ ಕೈಗಳನ್ನು ನೋಡಿ.