ಬಾಯಿ ಮುಚ್ಚಿ ಕೂತ ಮೂರು ಸಂಜೆ

ನಮ್ಮ ಮನೆಯಲ್ಲಿ ಜಗಳ ತುಳುವಿನಲ್ಲಿ, ಪ್ರಾರ್ಥನೆ ಕನ್ನಡದಲ್ಲಿ. ಜೆಪ್ಪುವಿನ ನಮ್ಮ ಓಣಿಯ ಪ್ರೊಟೆಸ್ಟೆಂಟ್ ಮನೆಗಳಲ್ಲೆಲ್ಲ ಹೀಗೆಯೇ. ಚರ್ಚಿನ ಭಾಷೆ ಕನ್ನಡ, ಹಾಗಾಗಿ ದೇವರ ಹತ್ತಿರ ಪುಸ್ತಕದ ಕನ್ನಡದಲ್ಲೇ ಮಾತಾಡಬೇಕೆಂದು ಯಾರೂ ಹೇಳಿಕೊಡದೆ ನಂಬಿಕೊಂಡವರು ನಾವು. ನಾನು ಬಿ.ಎ. ಪಾಸಾದ ದಿನ ಬೀಡಿ ಕಟ್ಟುವ ಅಮ್ಮ ಮನೆಯ ಪ್ರಾರ್ಥನೆಯನ್ನು ನನಗೆ ಒಪ್ಪಿಸಿಬಿಟ್ಟಳು. "ಇನ್ನು ನೀನೇ ಮಾಡು ಮಗಾ, ನಿನ್ನ ಕನ್ನಡ ಚಂದ ಉಂಟು" ಎಂದಳು. ನಮ್ಮ ಕುಟುಂಬದಲ್ಲಿ ಕಾಲೇಜು ಮುಗಿಸಿದ ಮೊದಲಿಗಳು ನಾನು. ಹೆಮ್ಮೆಯಿಂದಲೇ ಒಪ್ಪಿಕೊಂಡೆ. ಅಂದಿನಿಂದ ಇಪ್ಪತ್ತು ವರ್ಷಕ್ಕೂ ಮೇಲೆ, ದಿನಾ ಸಂಜೆ ಏಳಕ್ಕೆ ನಾನು ಬೇಡುವುದು, ಅಮ್ಮ ಆಮೆನ್ ಹೇಳುವುದು.

ಈ ವರ್ಷ ಅಮ್ಮನ ಹೃದಯದ ವಾಲ್ವ್ ಕೆಟ್ಟಿದೆ ಎಂದು ಗೊತ್ತಾಯಿತು. ಎದೆ ತೆರೆದು ಆಪರೇಷನ್ ಮಾಡಬೇಕು, ಶನಿವಾರದೊಳಗೆ ಒಪ್ಪಿಗೆ ಹೇಳದಿದ್ದರೆ ಆಪರೇಷನ್ನಿಗೆ ಇಟ್ಟ ದಿನ ಬೇರೆಯವರಿಗೆ ಹೋಗುತ್ತದೆ ಎಂದರು ಡಾಕ್ಟರು. ತಡಮಾಡಿದರೆ ಅಪಾಯ ಎಂದೂ ಹೇಳಿದರು. ನಾನು ಅಲ್ಲೇ ಒಪ್ಪಿಗೆ ಕೊಡುವವಳಿದ್ದೆ. ಅಮ್ಮ ನನ್ನ ಕೈ ಹಿಡಿದು ಎಬ್ಬಿಸಿಕೊಂಡು ಹೊರಗೆ ಬಂದಳು.

"ನಾನು ದೇವರ ಹತ್ರ ಕೂತು ಹೇಳ್ತೇನೆ."

"ದಿನಾ ಕೂರುವುದಿಲ್ವಾ ನಾವು?"

"ನೀನು ಮಾತಾಡ್ತಿ. ಇನ್ನು ಮೂರು ಸಂಜೆ ನಿನ್ನ ಪ್ರಾರ್ಥನೆ ಬೇಡ. ಸುಮ್ಮನೆ ಕೂರುವ."

ನನಗೆ ಮೈಯೆಲ್ಲ ಉರಿಯಿತು. ಸುಮ್ಮನಿರುವುದೆಂದರೆ ನನಗೆ ಮೊದಲಿಂದಲೂ ಆಗದು. ಹಾಸ್ಟೆಲ್ ಸೀಟಿಗೆ ಮೂರು ಸಲ ಹೋಗಿ ಕೇಳಿದವಳು ನಾನು. ಸುಮ್ಮನಿದ್ದಿದ್ದರೆ ಇವತ್ತು ಅಮ್ಮನ ಪಕ್ಕದಲ್ಲಿ ಕೂತು ಬೀಡಿಯೆಲೆ ಕತ್ತರಿಸುತ್ತಿದ್ದೆ. ಶಾಲೆಯಲ್ಲಿ ಟೀಚರಾದ ಮೇಲೆ ಓಣಿಯವರ ರೇಷನ್ ಕಾರ್ಡು, ವಿಧವಾ ಪಿಂಚಣಿ, ಎಲ್ಲ ಅರ್ಜಿ ಬರೆಯುವುದು ನಾನೇ. ಪ್ರಾರ್ಥನೆಯೂ ಹಾಗೆಯೇ: ವಿಷಯ, ವಿವರ, ಕೊನೆಗೆ ಬೇಡಿಕೆ. ಒಂದು ವಾರದಲ್ಲಿ ಆಗದಿದ್ದರೆ ದೇವರಿಗೆ ನೆನಪೋಲೆ.

ಪಾಸ್ಟರಿಗೆ ಫೋನ್ ಮಾಡಿ ದೂರಿದೆ. "ಸುಮ್ಮನಿರುವುದೂ ಪ್ರಾರ್ಥನೆಯೇ ಅಲ್ವಾ ಟೀಚರ್?" ಎಂದರು. ಸುಲಭದ ಮಾತು. ಅಜ್ಜನ ಕಾಲದಿಂದ ಓದಿದವರ ಮನೆಯವರು ಅವರು. ಅವರ ಪರವಾಗಿ ಯಾರೋ ಮೊದಲೇ ಕ್ಯೂನಲ್ಲಿ ನಿಂತಾಗಿದೆ.

ಮೊದಲ ಸಂಜೆ ಕೂತೆವು. ಪಕ್ಕದ ಮನೆಯ ಕುಕ್ಕರ್ ನಾಲ್ಕು ಸೀಟಿ ಹೊಡೆಯಿತು. ಸಿಟಿ ಬಸ್ಸಿನ ಹಾರ್ನು. ಫ್ರಿಜ್ಜಿನ ಗುಂಯ್ ಶಬ್ದ ಅಷ್ಟು ಜೋರೆಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ನಾನು ಮನಸ್ಸಿನೊಳಗೆ ಇಡೀ ಮನವಿ ಬರೆದು ಮುಗಿಸಿದ್ದೆ. ಅಮ್ಮ ಕಣ್ಣು ಮುಚ್ಚಿ ಕೂತೇ ಇದ್ದಳು.

ಎರಡನೆಯ ಸಂಜೆ ತಡೆಯಲಾಗಲಿಲ್ಲ. "ಎಂತಾದ್ರೂ ಉತ್ತರ ಬಂತಾ?"

ಅಮ್ಮ ಒಂದೇ ಕಣ್ಣು ತೆರೆದಳು. "ದೇವರು ಎಂತ, ತಾಲೂಕಾಫೀಸಿನ ಕೌಂಟರಿನಲ್ಲಿ ಕೂತಿದ್ದಾರಾ?"

"ಶನಿವಾರ ಬರ್ತಾ ಉಂಟು ಅಮ್ಮ!"

"ಶನಿವಾರ ಬರ್ತದೆ ಅಂತ ದೇವರಿಗೆ ಗೊತ್ತುಂಟು. ಕಾಲೇಜಿಗೆ ಹೋಗದಿದ್ದರೂ ಅಷ್ಟು ಗೊತ್ತಾಗ್ತದೆ."

ನಾನು ಎದ್ದು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದೆ. ಇದು ವಿಶ್ವಾಸವೋ, ಹಟವೋ? ಹಟವಾದರೆ ನನ್ನ ಅಮ್ಮ ದೇವರ ಹೆಸರಿನಲ್ಲಿ ಸಾಯುತ್ತಾಳೆ. ಆ ಸಂಜೆ ದೇವರ ಮೇಲೂ ನನಗೆ ಸಿಟ್ಟಿತ್ತು.

ಮೂರನೆಯ ಸಂಜೆ, ಶುಕ್ರವಾರ. ತುಂಬ ಹೊತ್ತು ಕಳೆದ ಮೇಲೆ ಅಮ್ಮ ಬಾಯಿ ತೆರೆದಳು, ತುಳುವಿನಲ್ಲಿ. "ಸ್ವಾಮೀ, ಎಂಕ್ ಪೋಡಿಗೆ ಆಪುಂಡು." ನನಗೆ ಹೆದರಿಕೆಯಾಗುತ್ತದೆ, ಅಷ್ಟೇ. ಆಮೇಲೆ, "ಇವಳಿಗೆ ಹೇಳಿದರೆ ಪಾಠ ಮಾಡ್ತಾಳೆ" ಎಂದಳು, ಅದೂ ದೇವರಿಗೇ.

ಅಮ್ಮನಿಗೆ ಹೆದರಿಕೆ ಇದೆಯೆಂದು ನನಗೆ ಗೊತ್ತಿರಲಿಲ್ಲ. 'ನಿನ್ನ ದಾಸಿಗೆ ಧೈರ್ಯವನ್ನು ಅನುಗ್ರಹಿಸು' ಎಂದು ಚಂದದ ಕನ್ನಡದಲ್ಲಿ ದಿನಾ ಬೇಡುತ್ತಿದ್ದವಳು ನಾನು. ಆ ದಾಸಿಯ ಬಾಯಿಂದ ಒಂದು ಮಾತು ಕೇಳಿರಲಿಲ್ಲ. ನಾನು ಬಿ.ಎ. ಮಾಡಿದ ಮೇಲೆ ಅಮ್ಮ ಗಟ್ಟಿಯಾಗಿ ಪ್ರಾರ್ಥಿಸಿದ್ದು ಅದೇ ಮೊದಲು.

ಆಮೇಲೆ ನನ್ನ ಕಡೆ ತಿರುಗಿದಳು. "ನಾಳೆ ನೀನು ಬಾ. ಮಾತಾಡ್ಬೇಡ. ಆವತ್ತು ಎಲ್ಲಿ ನೋವು ಅಂತ ಡಾಕ್ಟ್ರು ನನ್ನತ್ರ ಕೇಳಿದ್ದಕ್ಕೂ ನೀನೇ ಉತ್ತರ ಕೊಟ್ಟದ್ದು."

"ಸರಿ. ಆದ್ರೆ ನೀನು ಹೂಂ ಹೇಳ್ತಿಯಾ, ಇಲ್ವಾ?"

"ನೋಡು, ಪುನಃ!"

ಶನಿವಾರ ಡಾಕ್ಟರು ನನ್ನ ಮುಖ ನೋಡಿಯೇ ಕೇಳಿದರು, "ಏನು ನಿರ್ಧಾರ ಮಾಡಿದ್ರಿ ಮೇಡಂ?" ನಾನು ತುಟಿ ಕಚ್ಚಿಕೊಂಡೆ. ಅಮ್ಮ ಸೆರಗು ಸರಿಮಾಡಿಕೊಂಡಳು. ಗೋಡೆ ನೋಡಿದಳು. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಅಷ್ಟು ಹೊತ್ತು ನಾನು ಯಾವ ಕಚೇರಿಯಲ್ಲೂ ಬಾಯಿ ಮುಚ್ಚಿ ಕೂತಿಲ್ಲ.

"ಡಾಕ್ಟ್ರೇ, ನಾನು ಏಳದಿದ್ರೆ ಇವಳಿಗೆ ಹೇಗೆ ಹೇಳ್ತೀರಿ?" ಎಂದಳು ಅಮ್ಮ. "ಇವಳ ಅಪ್ಪ ಹೋದದ್ದನ್ನು ಹೊರಗೆ ಬೆಂಚಿನಲ್ಲಿ, ಜನರ ಎದುರು ಹೇಳಿದ್ರು. ಹಾಗೆ ಮಾಡ್ಬೇಡಿ. ಇವಳನ್ನು ಒಳಗೆ ಕರೀರಿ, ಕೂತ್ಕೊಳ್ಳಿಕ್ಕೆ ಹೇಳಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ನಾನೇ ಬಂದು ಕರೀತೇನೆ ಅಮ್ಮ."

"ಹಾಗಾದ್ರೆ ಮಾಡಿ."

ಆಪರೇಷನ್ ಬರುವ ಬುಧವಾರ. ಮನಸ್ಸಿಗೆ ಶಾಂತಿ ಸಿಕ್ಕಿತು ಎಂದು ಬರೆದರೆ ಸುಳ್ಳಾಗುತ್ತದೆ. ಈಗ ಸಂಜೆ ಅಮ್ಮನೇ ತುಳುವಿನಲ್ಲಿ ಎರಡು ಮಾತು ಆಡುತ್ತಾಳೆ, ಮತ್ತೆ ಇಬ್ಬರೂ ಸುಮ್ಮನೆ ಕೂರುತ್ತೇವೆ. ಅಮ್ಮ ಯಾರನ್ನೋ ಎದುರಿಗೆ ಕೂರಿಸಿಕೊಂಡವಳ ಹಾಗೆ ಕಾಣುತ್ತಾಳೆ. ನನಗೆ ಫ್ರಿಜ್ಜಿನ ಸದ್ದೇ ಕೇಳಿಸುತ್ತದೆ. ಅರ್ಜಿಯ ಮೊದಲ ಸಾಲು ತಾನಾಗಿ ಬರುತ್ತದೆ, ಅದನ್ನು ನಿಲ್ಲಿಸುತ್ತೇನೆ, ಮತ್ತೆ ಬರುತ್ತದೆ. ನಿನ್ನೆ ಆಮೆನ್ ಮಾತ್ರ ಹೇಳಿದೆ. ಸಿಟ್ಟಿನಲ್ಲೇ ಹೇಳಿದೆ, ಆದರೆ ಹೇಳಿದೆ.